ನಡೆಯುವ ಮನೆಗೆ ನಿಂತ ತಾರೆ

ಮನೆಯೆಂಬುದು ನಿಲ್ಲತಕ್ಕದ್ದು, ಬಂಡಿಯೆಂಬುದು ಸಾಗತಕ್ಕದ್ದು ಎಂಬ ಭಾವನೆ ಕನ್ನಡ ನಾಡಿನ ಜನರಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಪಾಯ, ಹೊಸ್ತಿಲು, ಒಲೆ, ದೇವರ ಜಗಲಿ ಈ ನಾಲ್ಕೂ ಅಲುಗದೆ ಇದ್ದರೆ ಮಾತ್ರ ಅದು ಮನೆ. ಆದರೂ ಮನೆಯನ್ನೇ ಹೊತ್ತು ತಿರುಗಿದವರು ಈ ನಾಡಿನಲ್ಲಿ ಇರಲಿಲ್ಲವೆಂದಲ್ಲ. ಮಂದೆಯ ಹಿಂದೆ ಪಾತ್ರೆಪಡಗಗಳನ್ನು ಹೇರಿಕೊಂಡು ನಡೆದ ಕುರಿಗಾಹಿಗಳು, ತಗಡಿನ ಗುಡಾರ, ಪರದೆ, ಪೆಟ್ಟಿಗೆಗಳೊಡನೆ ಊರಿಂದೂರಿಗೆ ಲಾರಿಯೇರಿದ ನಾಟಕ ಕಂಪನಿಯವರು, ದೀಪಾವಳಿ ಕಳೆದ ಮೇಲೆ ಹೊರಟು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ಘಟ್ಟದ ಕೆಳಗಿನ ಯಕ್ಷಗಾನ ಮೇಳದವರು, ಇವರೆಲ್ಲರಿಗೂ ದಾರಿಯೇ ಅಂಗಳವಾಗಿತ್ತು. ಈಚಿನ ವರ್ಷಗಳಲ್ಲಿ ಈ ಪರಂಪರೆಗೆ ಹೊಸಬರು ಸೇರಿಕೊಂಡಿದ್ದಾರೆ. ಮಲಗುವ ಮಂಚ, ಅಡುಗೆಯ ಒಲೆ, ನೀರಿನ ತೊಟ್ಟಿ, ಶೌಚದ ಕೋಣೆ ಎಲ್ಲವನ್ನೂ ಒಡಲಲ್ಲಿಟ್ಟುಕೊಂಡ ಮೋಟಾರು ಮನೆಗಳು ಚಿಕ್ಕಮಗಳೂರಿನ ಕಾಫಿ ಮಲೆಗಳ ಹಾದಿಯಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತಿವೆ. ಕೆಲವರಿಗೆ ಅದು ವಿಲಾಸ. ಎಲ್ಲರಿಗೂ ಹಾಗಲ್ಲ.

2019ರ ಮಾರ್ಚ್ ತಿಂಗಳಿನಲ್ಲಿ ಅಂಥದೊಂದು ಮೋಟಾರು ಮನೆ ಚಿಕ್ಕಮಗಳೂರಿನಿಂದ ಮೂಡಿಗೆರೆಯ ಕಡೆಗೆ ಹೊರಟಿತು. ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು, ಆಸನಗಳನ್ನು ಕಿತ್ತು, ಹಲಗೆ ಹೊಡೆಸಿ ಮನೆಯಾಗಿ ಮಾರ್ಪಡಿಸಿದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ತರುಣ. ಅವನ ಪಕ್ಕದಲ್ಲಿ ಕುಳಿತವರು ಅವನ ತಂದೆ. ಈ ವಿದ್ಯಾಸಂಸ್ಥೆಯ ಹಳೆಯ ವಿದ್ಯಾರ್ಥಿ, ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿ ನಿವೃತ್ತರಾದ ಮೇಷ್ಟ್ರು. ಹಿಂದಿನ ಮಂಚದ ಮೇಲೆ ದಿಂಬಿಗೊರಗಿದ್ದವರು ಮೇಷ್ಟ್ರ ತಂದೆ. ಅವರಿಗೆ ಆಗ ಎಂಬತ್ತಾರು ವರ್ಷ. ಮೂಡಿಗೆರೆಗೂ ಕಳಸಕ್ಕೂ ನಡುವಣ ಒಂದು ಕಾಫಿ ತೋಟದಲ್ಲಿ ಅವರು ಮೂವತ್ತೆಂಟು ವರ್ಷ ರೈಟರಾಗಿದ್ದರು. ತೋಟದ ರೈಟರ ಕೆಲಸವೇನೆಂಬುದು ಬಯಲುಸೀಮೆಯ ವಾಚಕರಿಗೆ ತಿಳಿಯದಿರಬಹುದು. ಆಳುಗಳ ಹಾಜರಿ, ಬಟವಾಡೆಯ ಲೆಕ್ಕ, ಕೊಯ್ಲಿನ ತೂಕ, ಕಣದ ಕಾವಲು, ಗೋಣಿಚೀಲಗಳ ಎಣಿಕೆ; ಇವೆಲ್ಲಕ್ಕಿಂತ ಮುಂಚೆ ಬೆಳಗಿನ ಜಾವ ಮಳೆಮಾಪಕದ ನೀರನ್ನು ಅಳೆದು ಇಂಚು ಸೆಂಟುಗಳಲ್ಲಿ ಮಳೆ ಪುಸ್ತಕಕ್ಕೆ ಬರೆಯುವುದು. ಮಲೆನಾಡಿನ ತೋಟಗಳಲ್ಲಿ ಮೀಟರು ಮಿಲಿಮೀಟರುಗಳು ಬಂದು ಎಷ್ಟೋ ದಶಕಗಳಾದರೂ ಮಳೆ ಮಾತ್ರ ಇಂದಿಗೂ ಇಂಚಿನಲ್ಲೇ ಬೀಳುತ್ತದೆ.

ಹಿರಿಯರಿಗೆ ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ. ಹಗಲೆಲ್ಲ ಸೌಮ್ಯರಾಗಿ ಇರುತ್ತಿದ್ದವರು ಹೊತ್ತು ಮುಳುಗಿದೊಡನೆ ಕಳವಳಗೊಳ್ಳುತ್ತಿದ್ದರು. "ತೋಟಕ್ಕೆ ಹೋಗ್ಬೇಕು, ಮಳೆ ಪುಸ್ತಕ ಬರೀಲಿಲ್ಲ" ಎನ್ನುತ್ತ ಬಾಗಿಲ ಚಿಲಕಕ್ಕೆ ಕೈಯಿಡುತ್ತಿದ್ದರು. ಇಂಥ ರೋಗಿಗಳಲ್ಲಿ ಅನೇಕರಿಗೆ ಸಂಜೆಯ ಹೊತ್ತಿನಲ್ಲೇ ಗಲಿಬಿಲಿ ಹೆಚ್ಚುವುದೆಂದು ವೈದ್ಯರು ಹೇಳುತ್ತಾರೆ. ಆ ಹೊತ್ತಿನಲ್ಲಿ ಅವರನ್ನು ಹಿಡಿದು ನಿಲ್ಲಿಸುತ್ತಿದ್ದುದು ಎರಡೇ ವಸ್ತುಗಳು: ದೂರದರ್ಶನದ ಚಂದನ ವಾಹಿನಿಯ ಸಂಜೆಯ ವಾರ್ತೆ, ಮತ್ತು ರಾತ್ರಿಯ 'ಥಟ್ ಅಂತ ಹೇಳಿ' ರಸಪ್ರಶ್ನೆ. ಡಾಕ್ಟರ್ ನಾ. ಸೋಮೇಶ್ವರರು 2002ರಿಂದ ನಡೆಸಿಕೊಂಡು ಬಂದ ಆ ಕಾರ್ಯಕ್ರಮದಲ್ಲಿ ಸರಿಯುತ್ತರ ಹೇಳಿದವರಿಗೆ ಕನ್ನಡ ಪುಸ್ತಕವೇ ಬಹುಮಾನ. ಬೆಳಗ್ಗೆ ತಿಂದ ತಿಂಡಿಯನ್ನು ಮಧ್ಯಾಹ್ನಕ್ಕೆ ಮರೆಯುತ್ತಿದ್ದ ಹಿರಿಯರು ನದಿಯ ಹೆಸರೋ ಗಾದೆಯ ಅರ್ಧವೋ ಕವಿಯ ಊರೋ ಕೇಳಿಬಂದರೆ ಸ್ಪರ್ಧಿಗಳಿಗಿಂತ ಮೊದಲೇ ಉತ್ತರ ಹೇಳಿ, ಸೊಸೆಯ ಕಡೆಗೊಮ್ಮೆ ನೋಡಿ ನಗುತ್ತಿದ್ದರು. ಆ ನಗೆ ಬಂದ ರಾತ್ರಿ ನಿದ್ರೆಯೂ ಬರುತ್ತಿತ್ತು.

ತಂದೆಗೆ ತೋಟವನ್ನು ಇನ್ನೊಮ್ಮೆ ತೋರಿಸಬೇಕೆಂಬುದು ಮೇಷ್ಟ್ರ ಬಯಕೆ. ಹೊಸ ಜಾಗ, ಹೊಸ ಬಚ್ಚಲು, ಹೊಸ ಹಾಸಿಗೆ ಇವು ಅವರನ್ನು ಇನ್ನಷ್ಟು ಕೆಡಿಸಬಹುದೆಂಬ ಭಯವೂ ಇತ್ತು. ಮಗನ ಮೋಟಾರು ಮನೆ ಇದಕ್ಕೆ ಪರಿಹಾರವಾಗಿ ಕಂಡಿತು: ಊರು ಬದಲಾದರೂ ಹಾಸಿಗೆ ಬದಲಾಗದು. ಆದರೆ ಮನೆಯ ಗೃಹಿಣಿ ಒಂದು ಕರಾರು ಹಾಕಿದರು. "ಮಾವನವರ ಆ ಎರಡು ಹೊತ್ತಿನ ಟೀವಿ ತಪ್ಪಬಾರದು. ಎರಡು ರಾತ್ರಿ ತಪ್ಪಿತೋ, ಮೂರನೇ ದಿನ ಹಿಂದಕ್ಕೆ ಕರ್ಕೊಂಡು ಬನ್ನಿ." ರೋಗಿಯ ಶುಶ್ರೂಷೆ ಮಾಡಿದವರ ಮಾತಿಗೆ ಎದುರಾಡುವಂತಿರಲಿಲ್ಲ.

ಕೈಯಲ್ಲಿ ಹಿಡಿಯುವ ಫೋನಿನಲ್ಲಿಯೇ ಲೋಕವೆಲ್ಲ ಕಾಣುವಾಗ ಇದೇನು ದೊಡ್ಡ ಕೆಲಸವೆಂದು ಪಟ್ಟಣದವರಿಗೆ ತೋರಬಹುದು. ಕೊಟ್ಟಿಗೆಹಾರದಿಂದ ಕಳಸದವರೆಗಿನ ಕಣಿವೆಗಳನ್ನು ಬಲ್ಲವರು ಹಾಗೆನ್ನಲಾರರು. ಫೋನಿನ ಗೋಪುರಕ್ಕೂ ಫೋನಿಗೂ ನಡುವೆ ಒಂದು ಗುಡ್ಡ ಬಂದರೆ ಮಾತೇ ಹರಿಯದು, ಚಿತ್ರದ ಮಾತಂತಿರಲಿ. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಆರಂಭವಾದ ಮೇಲೆ ಮಲೆನಾಡಿನ ಅನುಕೂಲಸ್ಥರು ಅಲ್ಯೂಮಿನಿಯಮ್ ಕಡ್ಡಿಗಳ ಏಣಿಯಂಥ ಆಂಟೆನಾಗಳನ್ನು ಎತ್ತರದ ಕಂಬಕ್ಕೆ ಕಟ್ಟಿ, ಗಾಳಿ ಬೀಸಿದಾಗಲೆಲ್ಲ ಒಬ್ಬರು ಮೇಲೆ ಹತ್ತಿ ತಿರುಗಿಸಿ, ಕೆಳಗಿನಿಂದ ಇನ್ನೊಬ್ಬರು "ಬಂತು, ಹೋಯ್ತು" ಎಂದು ಕೂಗುತ್ತಿದ್ದುದು ಹಳಬರಿಗೆಲ್ಲ ನೆನಪಿದೆ. ಕಾರಣ ಒಂದೇ: ಅಲೆಗಳು ಅಡ್ಡಡ್ಡವಾಗಿ ಬರುತ್ತಿದ್ದವು, ಗುಡ್ಡಗಳು ಅಡ್ಡಡ್ಡವಾಗಿ ನಿಂತಿದ್ದವು. ಗುಡ್ಡವನ್ನು ಗೆಲ್ಲಬೇಕಾದರೆ ಅಲೆಗಳು ಮೇಲಿನಿಂದಲೇ ಇಳಿಯಬೇಕು.

ಹಾಗೆ ಮೇಲಿನಿಂದ ಇಳಿಸುವ ಉಪಾಯವನ್ನು ಆರ್ಥರ್ ಕ್ಲಾರ್ಕ್ ಎಂಬ ಆಂಗ್ಲ ಲೇಖಕರು 1945ರಲ್ಲಿಯೇ ಪತ್ರಿಕೆಯೊಂದರಲ್ಲಿ ಬರೆದಿದ್ದರು. ಭೂಮಧ್ಯರೇಖೆಯ ನೆತ್ತಿಯಲ್ಲಿ 35,786 ಕಿಲೋಮೀಟರು ಎತ್ತರದಲ್ಲಿ ಪೂರ್ವಾಭಿಮುಖವಾಗಿ ಸುತ್ತುವ ವಸ್ತುವು ಒಂದು ಸುತ್ತಿಗೆ 23 ಗಂಟೆ 56 ನಿಮಿಷ ತೆಗೆದುಕೊಳ್ಳುತ್ತದೆ. ಭೂಮಿ ತನ್ನ ಸುತ್ತ ತಾನು ಒಮ್ಮೆ ತಿರುಗುವುದೂ ಅಷ್ಟೇ ಹೊತ್ತಿನಲ್ಲಿ. ಆದಕಾರಣ ನೆಲದ ಮೇಲಿನವರಿಗೆ ಆ ವಸ್ತು ಒಂದೇ ಕಡೆ ನಿಂತಂತೆ ತೋರುತ್ತದೆ. ವಾಸ್ತವವಾಗಿ ಅದು ಸೆಕೆಂಡಿಗೆ ಮೂರು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡುತ್ತಿರುತ್ತದೆ. ಓಟ ನಿಲ್ಲಿಸಿದರೆ ಅದರ ನಿಲುವೂ ಮುಗಿಯಿತು. ಸ್ಥಾವರ ಜಂಗಮಗಳ ಭೇದವನ್ನು ಬಾಲ್ಯದಿಂದ ಕೇಳಿ ಬೆಳೆದ ಈ ಶಾಲೆಯ ಮಕ್ಕಳಿಗೆ ಭೂಸ್ಥಿರ ಉಪಗ್ರಹದ ಪಾಠ ಹೇಳುವಾಗ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಕನ್ನಡ ನಾಡಿಗೂ ಈ ವಿದ್ಯೆಗೂ ಇರುವ ನಂಟು ಹಳೆಯದು. ವಿಕ್ರಮ್ ಸಾರಾಭಾಯಿಯವರು ಕಂಡ ಕನಸಿನಂತೆ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ಉಪಗ್ರಹ ಶಿಕ್ಷಣ ದೂರದರ್ಶನ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಸೇರಿದ್ದವು. ಕರ್ನಾಟಕದಲ್ಲಿ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಆ ಭಾಗ್ಯ ಒದಗಿತು. ಕೋಳಿಗೂಡಿಗೆ ಹೊಡೆಯುವಂಥ ತಂತಿಯ ಬಲೆಯಿಂದ ಮಾಡಿದ ಮೂರು ಮೀಟರು ಅಗಲದ ತಟ್ಟೆಗಳು. ವಿದ್ಯುತ್ತಿಲ್ಲದ ಕೆಲವು ಕಡೆ ಬ್ಯಾಟರಿ. ಎದುರಿಗೆ ನೆಲದ ಮೇಲೆ ಕುಳಿತ ಊರು. ಅಮೆರಿಕೆಯಿಂದ ಎರವಲು ಪಡೆದ ಏಟಿಎಸ್-6 ಉಪಗ್ರಹವನ್ನು ಒಂದು ವರ್ಷವಾದೊಡನೆ ಅವರು ಹಿಂದಕ್ಕೆ ಪಡೆದರು. ಆಮೇಲೆ ಇನ್ಸಾಟ್ ಸರಣಿ ಬಂತು. ಅದನ್ನು ಪಾಲಿಸುವ ಮುಖ್ಯ ನಿಯಂತ್ರಣ ಕೇಂದ್ರವು 1982ರಲ್ಲಿ ಹಾಸನದಲ್ಲಿ ನೆಲೆಗೊಂಡಿತು. ಚಿಕ್ಕಮಗಳೂರಿನ ಮನೆಮಾಳಿಗೆಯ ತಟ್ಟೆ ಯಾವ ಉಪಗ್ರಹವನ್ನು ದಿಟ್ಟಿಸುತ್ತಿದೆಯೋ ಅದರ ಕಡಿವಾಣ ನೆರೆಯ ಜಿಲ್ಲೆಯಲ್ಲಿಯೇ ಇದೆಯೆಂಬುದನ್ನು ಎಷ್ಟು ಜನ ಬಲ್ಲರು?

ತಿಂಗಳ ಬಾಡಿಗೆಯಿಲ್ಲದ ದೂರದರ್ಶನದ ನೇರ ಸೇವೆ 2004ರ ಡಿಸೆಂಬರಿನಲ್ಲಿ ಆರಂಭವಾಯಿತು. 2019ರ ಆ ಹೊತ್ತಿಗೆ ಅದು ಜೀಸ್ಯಾಟ್-15 ಉಪಗ್ರಹದಿಂದ ಇಳಿಯುತ್ತಿತ್ತು. 2015ರ ನವೆಂಬರಿನಲ್ಲಿ ಹಾರಿಸಿದ ಆ ಉಪಗ್ರಹದ ಪೀಠ ಪೂರ್ವ ರೇಖಾಂಶ 93.5 ಡಿಗ್ರಿ. ಮೇಷ್ಟ್ರು ಹೊರಡುವ ಮುನ್ನ ಕಾಗದ ಪೆನ್ಸಿಲು ಹಿಡಿದು ತ್ರಿಕೋನಮಿತಿಯ ಲೆಕ್ಕ ಮಾಡಿದರು. ಚಿಕ್ಕಮಗಳೂರಿನಿಂದ ದಿಗಂಶ, ಅಂದರೆ ಉತ್ತರದಿಂದ ಬಲಸುತ್ತಾಗಿ, ಸುಮಾರು 126 ಡಿಗ್ರಿ, ಉನ್ನತಾಂಶ 64. ಮೂಡಿಗೆರೆಗೂ ಕಳಸಕ್ಕೂ ಅದೇ ಲೆಕ್ಕ ಮಾಡಿದರೆ ಮೊದಲಿನದಕ್ಕೂ ಇದಕ್ಕೂ ಒಂದು ಡಿಗ್ರಿಯ ಅಂತರವೂ ಬರಲಿಲ್ಲ. ದಿಕ್ಕು ಆಗ್ನೇಯ, ಮನೆ ಕಟ್ಟುವವರು ಒಲೆಗೆಂದು ಬಿಡುವ ಮೂಲೆಯೇ ಉಪಗ್ರಹದ ಮೂಲೆಯೂ ಆಯಿತು. ಚಿಕ್ಕಮಗಳೂರಿನಿಂದ ಹಾಸನವೂ ಹೆಚ್ಚುಕಡಿಮೆ ಅದೇ ದಿಕ್ಕಿಗಿದೆ.

ಇಲ್ಲಿ ಒಂದು ವಿಚಿತ್ರವುಂಟು. ಇಡೀ ಪ್ರವಾಸದಲ್ಲಿ ಆಕಾಶದ ಗುರಿ ಬದಲಾಗದು. ಆದರೆ ರಸ್ತೆಯ ಒಂದೇ ತಿರುವಿನಲ್ಲಿ ವಾಹನದ ಮುಖ ಪೂರ್ವದಿಂದ ಪಶ್ಚಿಮಕ್ಕೆ ಹೊರಳುತ್ತದೆ. ತಟ್ಟೆಯನ್ನು ವಾಹನದ ನೆತ್ತಿಗೆ ಬಿಗಿದರೆ ಅದು ಪ್ರತಿ ಊರಿನಲ್ಲಿಯೂ ಬೇರೆ ದಿಕ್ಕನ್ನು ನೋಡುತ್ತದೆ. ಹೊರದೇಶಗಳಲ್ಲಿ ಗುಮ್ಮಟದಂಥ ಮುಚ್ಚಳದೊಳಗೆ ತಾನಾಗಿಯೇ ತಿರುಗಿ ಉಪಗ್ರಹವನ್ನು ಹುಡುಕುವ ತಟ್ಟೆಗಳಿವೆ. ಅವುಗಳ ಬೆಲೆ ಮೇಷ್ಟ್ರ ಪಿಂಚಣಿಗೆ ನಿಲುಕುವಂಥದಲ್ಲ. ಅಲ್ಲದೆ ನೆತ್ತಿಯ ತಟ್ಟೆಗೆ ಇನ್ನೊಂದು ದೋಷ: ವಾಹನಕ್ಕೆ ನೆರಳು ಬೇಕು, ತಟ್ಟೆಗೆ ಬಯಲು ಬೇಕು. ಇಬ್ಬರನ್ನೂ ಒಂದೇ ಜಾಗದಲ್ಲಿ ತೃಪ್ತಿಪಡಿಸಲಾಗದು. ಆದುದರಿಂದ ಅರುವತ್ತು ಸೆಂಟಿಮೀಟರಿನ ಸಾಧಾರಣ ತಟ್ಟೆ, ಅದಕ್ಕೊಂದು ಕಬ್ಬಿಣದ ಮುಕ್ಕಾಲಿ, ಹದಿನೈದು ಮೀಟರು ಕೇಬಲ್ಲು ಇವನ್ನು ಹೇರಿಕೊಂಡರು. ವಿದ್ಯುತ್ತಿನ ಚಿಂತೆ ಅಷ್ಟಾಗಿ ಇರಲಿಲ್ಲ. ಚಿಕ್ಕ ಟೀವಿಯೂ ಪೆಟ್ಟಿಗೆಯೂ ಸೇರಿ ನಲವತ್ತು ವ್ಯಾಟು. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಮೂರೂವರೆ ಆಂಪಿಯರಿಗಿಂತ ಕಡಿಮೆಯ ಹೊರೆ.

ಮೊದಲ ಸಂಜೆ ಅವರು ತಂಗಿದ್ದು ಮೂಡಿಗೆರೆಗೆ ಸಮೀಪದ ಪರಿಚಿತರ ತೋಟದ ಅಂಚಿನಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ. ಮೊಮ್ಮಗ ಉತ್ಸಾಹದಿಂದ ಕೆಲಸ ಕೈಗೆತ್ತಿಕೊಂಡ. ಉನ್ನತಾಂಶ 64 ಎಂದು ತಂದೆ ಹೇಳಿದ್ದನ್ನು ಕೇಳಿ, ಕೋನಮಾಪಕವನ್ನು ತಟ್ಟೆಯ ಬೆನ್ನಿಗೇ ಹಿಡಿದು, ತಟ್ಟೆಯ ಮುಖವನ್ನು ಅಷ್ಟಕ್ಕೆ ಎತ್ತಿಬಿಟ್ಟ. ತಟ್ಟೆ ರೊಟ್ಟಿಯ ಹೆಂಚಿನಂತೆ ಆಕಾಶ ನೋಡಿ ಮಲಗಿತು. ಈಗಿನ ಚಿಕ್ಕ ತಟ್ಟೆಗಳು ಪೂರ್ಣ ಪರವಲಯವಲ್ಲ, ದೊಡ್ಡ ಪರವಲಯದ ಒಂದು ಪಕ್ಕದಿಂದ ಕತ್ತರಿಸಿದ ತುಂಡು. ನಾಭಿಯಲ್ಲಿ ಕುಳಿತ ಎಲ್‌ಎನ್‌ಬಿ ಅಲೆಗಳಿಗೆ ಅಡ್ಡ ಬರಬಾರದೆಂದು ಹೀಗೆ ಮಾಡಿರುತ್ತಾರೆ. ಇದರ ಫಲವಾಗಿ ತಟ್ಟೆ ಎತ್ತ ಮುಖ ಮಾಡಿದಂತೆ ಕಾಣುವುದೋ ಅದಕ್ಕಿಂತ ಇಪ್ಪತ್ತರಿಂದ ಇಪ್ಪತ್ತೈದು ಡಿಗ್ರಿ ಮೇಲಿನಿಂದ ಬಂದುದನ್ನು ಅದು ಹಿಡಿಯುತ್ತದೆ. ಎದುರಿನ ಗುಡ್ಡವನ್ನು ನೋಡುತ್ತಿರುವಂತೆ ನಟಿಸಿ ಮುಗಿಲಿಗೆ ಕಿವಿಗೊಡುವ ಸ್ವಭಾವ ಅದರದು. ಮಾರುವವರು ಇದಕ್ಕೆಂದೇ ಬೆನ್ನಿನ ಬಿಗಿಪಟ್ಟಿಯಲ್ಲಿ ಅಂಕಿಗಳನ್ನು ಕೊರೆದಿರುತ್ತಾರೆ. ಅವನ್ನು ನಂಬಬೇಕು, ಆದರೆ ಮುಕ್ಕಾಲಿಯ ಕಂಬ ನೆಟ್ಟಗಿದ್ದರೆ ಮಾತ್ರ. ಇಳಿಜಾರಿನ ನೆಲದಲ್ಲಿ ಕಂಬ ವಾಲಿದ್ದಷ್ಟೂ ಅಂಕಿ ಸುಳ್ಳಾಗುತ್ತದೆ. ಗಾರೆ ಕೆಲಸದವರ ರಸಮಟ್ಟ ಒಂದಿದ್ದರೆ ಅರ್ಧ ಕೆಲಸ ಮುಗಿದಂತೆ.

ತಪ್ಪು ತಿಳಿದು ತಟ್ಟೆಯನ್ನು ಸರಿಪಡಿಸುವ ಹೊತ್ತಿಗೆ ಇನ್ನೊಂದು ತೊಡಕು ಕಂಡಿತು. ದಿಕ್ಸೂಚಿಯನ್ನು ವಾಹನದ ಬಾಗಿಲ ಬಳಿ ಹಿಡಿದಿದ್ದರಿಂದ ಅಲ್ಲಿನ ಕಬ್ಬಿಣವೆಲ್ಲ ಸೇರಿ ಮುಳ್ಳನ್ನು ತನ್ನತ್ತ ಎಳೆದಿತ್ತು. ಇಪ್ಪತ್ತು ಹೆಜ್ಜೆ ದೂರ ಹೋಗಿ ನೋಡಿದಾಗ ಆಗ್ನೇಯವೇ ಬೇರೆಯಾಗಿತ್ತು. ಅರುವತ್ತು ಸೆಂಟಿಮೀಟರಿನ ತಟ್ಟೆಯ ದೃಷ್ಟಿ ಬಹು ಕಿರಿದು. ಎರಡು ಡಿಗ್ರಿ ತಪ್ಪಿದರೆ ಉಪಗ್ರಹ ಅದರ ಪಾಲಿಗೆ ಇಲ್ಲವೇ ಇಲ್ಲ. ಕೊನೆಗೆ ದಿಕ್ಕೂ ಏರೂ ಸರಿಯಾದವು. ಆದರೆ ನೇರ ಎದುರಿಗೆ ಸಿಲ್ವರ್ ಓಕಿನ ತುದಿಗಳಿದ್ದವು. ಉಪಗ್ರಹ ಅಷ್ಟು ಎತ್ತರದಲ್ಲಿರುವುದರಿಂದ ಗುಡ್ಡಗಳು ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಹತ್ತಿರದ ಮರವೇ. ಎಲೆಯಲ್ಲಿರುವ ನೀರು ಇಷ್ಟು ಸೂಕ್ಷ್ಮವಾದ ಅಲೆಗಳನ್ನು ಕುಡಿದುಬಿಡುತ್ತದೆ.

ಟೀವಿಯ ತೆರೆ ನೀಲಿಯಾಗಿಯೇ ಉಳಿಯಿತು. ವಾರ್ತೆಯ ಹೊತ್ತು ಕಳೆಯಿತು, ರಸಪ್ರಶ್ನೆಯ ಹೊತ್ತೂ ಕಳೆಯಿತು. ಹಿರಿಯರು ಲಾಟೀನು ಎಲ್ಲಿ ಎಂದು ಕೇಳಿದರು. ಮೂವತ್ತು ವರ್ಷ ಹಿಂದೆ ತೀರಿಕೊಂಡ ಮೇಸ್ತ್ರಿಯ ಹೆಸರು ಹಿಡಿದು ಕೂಗಿದರು. ರಾತ್ರಿ ಎರಡರ ತನಕ ಮೇಷ್ಟ್ರು ಅವರ ಕೈ ಹಿಡಿದು ವಾಹನದ ಸುತ್ತ ನಡೆದಾಡಿಸಿದರು. "ಅಪ್ಪಯ್ಯ, ನಾನು" ಎಂದು ಎಷ್ಟು ಸಲ ಹೇಳಿದರೂ ಅವರು ಮೇಷ್ಟ್ರನ್ನು ತೋಟದ ಹೊಸ ಗುಮಾಸ್ತರೆಂದೇ ತಿಳಿದು, ಬಟವಾಡೆ ಪುಸ್ತಕವನ್ನು ಜೋಪಾನ ಮಾಡುವ ಬಗೆಯನ್ನು ವಿವರಿಸುತ್ತಿದ್ದರು. ಬೆಳಗಾಗುವಾಗ ಮೊಮ್ಮಗ ಹಿಂದಿರುಗೋಣವೆಂದ. ಇನ್ನೊಂದು ರಾತ್ರಿಗೆ ಕರಾರಿನಲ್ಲಿ ಅವಕಾಶವಿದೆಯೆಂದು ಮೇಷ್ಟ್ರು ಹೇಳಿದರು.

ಮರುದಿನ ಹತ್ತು ಗಂಟೆಗೆ ವಾಹನ ಹಿರಿಯರ ಹಳೆಯ ತೋಟದ ಗೇಟು ದಾಟಿತು. ಹಿಂದಿನ ವಾರ ಬಿದ್ದ ಹೂಮಳೆಗೆ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಮಲ್ಲಿಗೆಯನ್ನು ಹೋಲುವ ಆ ಕಂಪು ರಸ್ತೆಯವರೆಗೂ ಹರಿದಿತ್ತು. ಧಣಿಗಳ ಮನೆಯವರು ಈಗ ಮೂರನೆಯ ತಲೆಮಾರು. ಹಳೆಯ ಮೇಸ್ತ್ರಿಯ ಮಗನೇ ಈಗಿನ ಮೇಸ್ತ್ರಿ. ಅವನು ಓಡಿ ಬಂದು "ರೈಟ್ರೇ, ನಾನು ಯಾರು ಹೇಳಿ" ಎಂದ. ಹಿರಿಯರು ಅವನ ಮುಖ ನೋಡಿ ಅವನ ತಂದೆಯ ಹೆಸರು ಹೇಳಿದರು. ಅವನು ಅದನ್ನು ತಿದ್ದಲಿಲ್ಲ.

ತೋಟದಲ್ಲಿ ಬಯಲೆಂದರೆ ಕಣವೊಂದೇ. ಕಾಫಿ ಕೊಯ್ಲು ಮುಗಿದು ಕಣದ ಒಂದು ಪಾರ್ಶ್ವದಲ್ಲಿ ಮೆಣಸು ಮಾತ್ರ ಒಣಗುತ್ತಿತ್ತು. ಆದರೆ ಇಪ್ಪತ್ತಾರು ವರ್ಷಗಳಲ್ಲಿ ಕಣದ ಸುತ್ತಣ ಮರಗಳು ಆಳೆತ್ತರದಿಂದ ಅಂತಸ್ತುಗಟ್ಟಲೆ ಬೆಳೆದಿದ್ದವು. ಮುಕ್ಕಾಲಿಯನ್ನು ಎಲ್ಲಿಟ್ಟರೂ ಆಗ್ನೇಯಕ್ಕೆ ಒಂದು ಕೊಂಬೆ ಚಾಚಿತ್ತು. ಮರಗಸಿಯ ಕಾಲವಲ್ಲ, ಅತಿಥಿಗಳ ಟೀವಿಗಾಗಿ ಬೇರೆಯವರ ಮರ ಕಡಿಸುವುದು ಸಭ್ಯತೆಯೂ ಅಲ್ಲ. ಆಗ ಮೇಷ್ಟ್ರಿಗೆ ತರಗತಿಯಲ್ಲಿ ತಾವೇ ಹೇಳಿಕೊಡುತ್ತಿದ್ದ ಒಂದು ಸಂಗತಿ ನೆನಪಾಯಿತು. ವರ್ಷಕ್ಕೆರಡು ಸಲ, ವಿಷುವದ ಹಿಂದುಮುಂದಿನ ದಿನಗಳಲ್ಲಿ, ಸೂರ್ಯನು ಭೂಸ್ಥಿರ ಉಪಗ್ರಹದ ಬೆನ್ನಿಗೆ ಬಂದು ನಿಲ್ಲುತ್ತಾನೆ. ಮನೆಯ ಟೀವಿಯಲ್ಲಿ ಹಗಲು ಹೊತ್ತು ಕೆಲವು ನಿಮಿಷ ಚಿತ್ರ ಅಳಿಸಿಹೋಗುವುದು ಆಗಲೇ. ಸೂರ್ಯನ ಗದ್ದಲದಲ್ಲಿ ಉಪಗ್ರಹದ ಸಣ್ಣ ದನಿ ಕೇಳಿಸದು. ಮೂಡಿಗೆರೆಯ ಅಕ್ಷಾಂಶಕ್ಕೆ, 93.5 ಡಿಗ್ರಿಯ ಉಪಗ್ರಹಕ್ಕೆ, ಅದು ಮಾರ್ಚ್ ತಿಂಗಳ ಮಧ್ಯಭಾಗದಲ್ಲಿ ಬೆಳಗಿನ ಸುಮಾರು ಹನ್ನೊಂದೂಕಾಲು ಗಂಟೆಗೆ ಬೀಳುತ್ತದೆ. ತಿಂಗಳೂ ಅದೇ, ವಾರವೂ ಅದೇ, ಗಂಟೆಯೂ ಸಮೀಪಿಸುತ್ತಿತ್ತು. ಅಂದರೆ ಹನ್ನೊಂದೂಕಾಲಕ್ಕೆ ಕಣದಲ್ಲಿ ಎಲ್ಲಿ ಬಿಸಿಲು ಬೀಳುವುದೋ ಅಲ್ಲಿಂದ ಉಪಗ್ರಹ ಕಾಣುತ್ತದೆ, ನೆರಳಿದ್ದಲ್ಲಿ ಕಾಣದು. ಮರದ ತುದಿಗಳನ್ನು ಕೋನಮಾಪಕದಿಂದ ಅಳೆಯುವ ಶ್ರಮವೇ ಬೇಡ.

ಮೇಷ್ಟ್ರು ಇದನ್ನು ಮಗನಿಗೆ ವಿವರಿಸುತ್ತಿರುವಾಗ ಮಡಿಸುವ ಕುರ್ಚಿಯಲ್ಲಿ ಕುಳಿತಿದ್ದ ಹಿರಿಯರು ಮಾತಿನ ನಡುವೆ ಬಾಯಿ ಹಾಕಿದರು. "ಹನ್ನೊಂದು ಗಂಟೆ ಬಿಸ್ಲಾ? ಪಲ್ಪರ್ ಮನೆ ಹಿಂದಿನ ಮೂಲೆ. ಕೊನೇ ಮೆಣಸು ನಾನು ಅಲ್ಲೇ ಹಾಕಿಸ್ತಿದ್ದೆ. ಆ ಕಡೆ ಕೆರೆ, ಮರ ಎಲ್ಲಿ ಬರುತ್ತೆ?" ಎಂದರು. ದನಿ ರಾತ್ರಿಯ ದನಿಯಾಗಿರಲಿಲ್ಲ. ಮೂವತ್ತೆಂಟು ವರ್ಷ ಕಾಫಿಯನ್ನೂ ಮೆಣಸನ್ನೂ ಬಿಸಿಲಿನ ಹಿಂದೆ ಓಡಿಸಿದ ಮನುಷ್ಯನಿಗೆ ಆ ಕಣದ ಯಾವ ಚಪ್ಪಡಿಗೆ ಯಾವ ತಿಂಗಳು ಯಾವ ಗಂಟೆಗೆ ಬಿಸಿಲೆಂಬುದು ಹೆಸರುಗಳು ಇರುವಲ್ಲಿ ಇರಲಿಲ್ಲ. ಇನ್ನೂ ಆಳದಲ್ಲೆಲ್ಲೋ ಇತ್ತು. ಪಲ್ಪರ್ ಮನೆಯ ಹಿಂದೆ ಹೋಗಿ ನೋಡಿದರೆ, ಹೌದು, ಕಂಬಳಿಯಷ್ಟು ಅಗಲದ ಒಂದು ಬಿಸಿಲ ತುಂಡು ಬಿದ್ದಿತ್ತು. ಆ ಕಡೆ ಕೆರೆ. ಮರವಿಲ್ಲ.

ಮುಕ್ಕಾಲಿಯನ್ನು ಅಲ್ಲಿಟ್ಟು, ಕಾಲುಗಳಿಗೆ ಕಲ್ಲು ಹೇರಿ, ರಸಮಟ್ಟ ಇಟ್ಟು ಕಂಬವನ್ನು ನೆಟ್ಟಗೆ ಮಾಡಿದರು. ತಟ್ಟೆಯನ್ನು ಒದ್ದೆ ಬಟ್ಟೆಯಿಂದ ಒರಸಿದಾಗ ಅದರ ಮೈಯಲ್ಲಿ ಬಿಸಿಲು ಮಿಂಚಿತು. ಗಡಿಯಾರ ಹನ್ನೊಂದೂಕಾಲಕ್ಕೆ ಬರುವಾಗ ತಟ್ಟೆಯನ್ನು ಅತ್ತಿತ್ತ ಅಲುಗಿಸಿ ಆ ಹೊಳಪೆಲ್ಲ ಎಲ್‌ಎನ್‌ಬಿಯ ಮೊಗದ ಮೇಲೆ ಗುಡ್ಡೆಯಾಗಿ ಬೀಳುವಂತೆ ಮಾಡಿ ತಿರುಪುಗಳನ್ನು ಬಿಗಿದರು. ಎಲ್‌ಎನ್‌ಬಿಯನ್ನೂ ಅದರ ಕೊರಳಿನಲ್ಲಿ ತಿರುಗಿಸಬೇಕಾಗುತ್ತದೆ. ಉಪಗ್ರಹ ಇಲ್ಲಿಂದ ಹದಿನೆಂಟು ಡಿಗ್ರಿ ಪೂರ್ವಕ್ಕಿರುವುದರಿಂದ ಅಲೆಗಳು ಓರೆಯಾಗಿ ಬಂದು ತಲುಪುತ್ತವೆ, ಆ ಓರೆ ಐವತ್ತು ಡಿಗ್ರಿ ದಾಟುತ್ತದೆ. ಇದನ್ನು ಮರೆತು ತಟ್ಟೆಯನ್ನೇ ಬೈಯುವವರು ಬಹಳ. ಸೂರ್ಯನು ಹಾದುಹೋಗುವವರೆಗೆ ಪೆಟ್ಟಿಗೆ ಮೌನವಾಗಿತ್ತು. ತೆರೆಯ ಮೇಲಿನ ಎರಡು ಪಟ್ಟಿಗಳಲ್ಲಿ ಶಕ್ತಿಯ ಪಟ್ಟಿ ಸುಮ್ಮನೆಯೂ ಏರಿರುತ್ತದೆ, ಅದಕ್ಕೆ ಮರುಳಾಗಬಾರದು. ಗುಣದ ಪಟ್ಟಿಯೊಂದೇ ಸತ್ಯ ಹೇಳುವುದು. ಅದೂ ಕೂಡ ತಟ್ಟೆ ಅಲುಗಿಸಿದ ಕೂಡಲೇ ಹೇಳುವುದಿಲ್ಲ; ನಾಲ್ಕೈದು ಸೆಕೆಂಡು ಯೋಚಿಸುತ್ತದೆ. ಕೂದಲೆಳೆಯಷ್ಟು ತಿರುಗಿಸು, ಐದೆಣಿಸು, ನೋಡು. ಹನ್ನೊಂದೂವರೆಯ ಸುಮಾರಿಗೆ ಗುಣದ ಪಟ್ಟಿ ಒಮ್ಮೆಗೇ ಮೇಲೆದ್ದಿತು. ವಾಹನವನ್ನು ನೆರಳಿನಲ್ಲಿಯೇ ಬಿಟ್ಟು ಕೇಬಲ್ಲನ್ನು ಕಣದಂಚಿನಿಂದ ಎಳೆದರು; ಬಾಗಿಲ ಬಳಿ ಅದನ್ನು ಒಮ್ಮೆ ಕೆಳಕ್ಕೆ ಬಳುಕಿಸಿ ಒಳಗೆ ತೆಗೆದುಕೊಂಡರು, ಮಳೆ ಬಂದರೆ ನೀರು ತೊಟ್ಟಿಕ್ಕಿ ಹೊರಗೇ ಬೀಳಲೆಂದು.

ಆ ಸಂಜೆ ವಾರ್ತೆ ಬಂತು. ಮೇಸ್ತ್ರಿಯ ಮನೆಯವರೂ ಲೈನಿನ ಕೆಲವು ಮಕ್ಕಳೂ ವಾಹನದ ಬಾಗಿಲಲ್ಲಿ ಸೇರಿದರು. ರಾತ್ರಿಯ ರಸಪ್ರಶ್ನೆಗೆ ಹಿರಿಯರು ಏಳು ಉತ್ತರ ಹೇಳಿದರು. ಐದು ಸರಿ, ಎರಡು ತಪ್ಪು. ತಪ್ಪಿದ ಒಂದಕ್ಕೆ ಪ್ರಶ್ನೆಯೇ ಸರಿಯಿಲ್ಲವೆಂದು ವಾದಿಸಿದರು. ನಗುವಾಗ ಸೊಸೆಯಿರುವ ಕಡೆಗೆ ನೋಡುವ ಅಭ್ಯಾಸದಿಂದ ಖಾಲಿ ಮೂಲೆಯ ಕಡೆಗೊಮ್ಮೆ ನೋಡಿ, ತುಸು ಹೊತ್ತು ಸುಮ್ಮನಾದರು. ನಿದ್ರೆ ಬಂತು. ಮೇಷ್ಟ್ರು ಮೇಸ್ತ್ರಿಯ ಬೈಕಿನಲ್ಲಿ ಗುಡ್ಡದ ನೆತ್ತಿಗೆ ಹೋಗಿ, ಫೋನಿಗೆ ಗಾಳಿ ಸಿಕ್ಕಿದಲ್ಲಿ ನಿಂತು ಮನೆಗೆ ಸುದ್ದಿ ಮುಟ್ಟಿಸಿ ಬಂದರು.

ಅಲ್ಲಿ ಮೂರು ರಾತ್ರಿ ಕಳೆದು ಕಳಸಕ್ಕೆ ಹೋದರು. ಅಲ್ಲಿ ಭದ್ರೆಗೆ ಸಮೀಪದ ಒಂದು ಗದ್ದೆಯ ಬದಿಯಲ್ಲಿ ತಟ್ಟೆ ಹೂಡಲು ಕಾಲು ಗಂಟೆಯೂ ಹಿಡಿಯಲಿಲ್ಲ. ವಾಹನದ ಅಲಮಾರಿನ ಬಾಗಿಲ ಒಳಮೈಯಲ್ಲಿ ಮೇಷ್ಟ್ರು ಪೆನ್ಸಿಲಿನಿಂದ ಊರು, ದಿಗಂಶ, ಬಿಗಿಪಟ್ಟಿಯ ಅಂಕಿ, ಎಲ್‌ಎನ್‌ಬಿಯ ಓರೆ ಇವನ್ನು ಸಾಲಾಗಿ ಬರೆದಿಟ್ಟಿದ್ದರು. ಮೂರು ಊರಿಗೂ ಬಹುಮಟ್ಟಿಗೆ ಒಂದೇ ಅಂಕಿಗಳು, ಬರೆಯಬೇಕಾಗಿಯೇ ಇರಲಿಲ್ಲ. ಮೇಷ್ಟ್ರಾದವರು ಹಾಗೆ ಬಿಡುವವರಲ್ಲ.

ಎರಡನೆಯ ರಾತ್ರಿ, ರಸಪ್ರಶ್ನೆಯ ನಡುವೆ, ಘಟ್ಟದ ಕಡೆಯಿಂದ ಮಳೆ ಬಂತು. ಮೊದಲು ಚಿತ್ರ ಚೌಕಚೌಕವಾಗಿ ಒಡೆಯಿತು; ಆಮೇಲೆ ಒಂದು ಪ್ರಶ್ನೆ ಅರ್ಧಕ್ಕೆ ನಿಂತು ತೆರೆ ನೀಲಿಯಾಯಿತು. ಈ ಅಲೆಗಳ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಹನಿಯ ಮಳೆ ಅವನ್ನು ಹೀರಿ ಚೆದುರಿಸುತ್ತದೆ. ಇದಕ್ಕೆ ತಿರುಪು ಬಿಗಿದು ಫಲವಿಲ್ಲ, ಮಳೆ ನಿಲ್ಲಬೇಕು. ಮೊಮ್ಮಗ ಗಾಬರಿಯಿಂದ ಅಜ್ಜನ ಕಡೆ ನೋಡಿದ. "ಅಜ್ಜಯ್ಯ, ಈಗ ಬರುತ್ತೆ, ಒಂದ್ನಿಮಿಷ" ಎಂದ. ಹಿರಿಯರು ಅವನ ಮಾತಿಗೆ ಕಿವಿಗೊಡಲಿಲ್ಲ. ತಗಡಿನ ಮೇಲೆ ಬೀಳುತ್ತಿದ್ದ ಸದ್ದನ್ನು ತಲೆ ಓರೆ ಮಾಡಿ ಆಲಿಸುತ್ತಿದ್ದರು. ಬಳಿಕ ಎದ್ದು ಅಡುಗೆಯ ಕಪಾಟಿನಿಂದ ನೇರ ಗೋಡೆಯ ಒಂದು ಸ್ಟೀಲ್ ಡಬ್ಬಿಯನ್ನು ತೆಗೆದು, ಅದರೊಳಗಿದ್ದ ಅವಲಕ್ಕಿಯನ್ನು ತಟ್ಟೆಗೆ ಸುರಿದು, ಬಾಗಿಲು ತೆರೆದು, ಮರದ ಹನಿ ಬೀಳದ ಬಯಲಿನಲ್ಲಿ ಡಬ್ಬಿಯನ್ನು ಇಟ್ಟು ಬಂದು ಮಲಗಿದರು. ಅವರನ್ನು ತಡೆಯಲು ಎದ್ದ ಮೊಮ್ಮಗನ ಭುಜವನ್ನು ಮೇಷ್ಟ್ರು ಹಿಡಿದು ಕೂರಿಸಿದರು.

ಬೆಳಗ್ಗೆ ಆರಕ್ಕೆ ಹಿರಿಯರು ಡಬ್ಬಿಯನ್ನು ತಂದು ಮೇಷ್ಟ್ರ ಇಂಚುಪಟ್ಟಿಯನ್ನು ಕೇಳಿದರು. ನೀರಿನಲ್ಲಿ ಅದನ್ನು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು ನೋಡಿದರು. ಮಗನ ಅಂಕಿಗಳ ಕೆಳಗೆ, ಅಲಮಾರಿನ ಬಾಗಿಲ ಮೇಲೆ, ಹಳೆಯ ದುಂಡಕ್ಷರದಲ್ಲಿ 'ಕಳಸ. ಮಳೆ 60 ಸೆಂಟು' ಎಂದು ಬರೆದು, ತಾರೀಕು ಯಾವುದೆಂದು ಮೊಮ್ಮಗನನ್ನು ಕೇಳಿ ಅದನ್ನೂ ಹಾಕಿ, ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಕಾಫಿ ಆಯಿತೇ ಎಂದರು.